ಒಂಬತ್ತನೆಯ ತಲೆ

ಶಾಲಾ ಬಸ್ಸಿನ ಆಯಾ ಒಣ ಸ್ವಭಾವದ ಹೆಂಗಸು. ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಅದರಾಚೆ ಒಂದು ಹೆಜ್ಜೆಯಿಲ್ಲ, ಒಂದು ಮಾತಿಲ್ಲ. ಮೆಟ್ಟಿಲ ಮೇಲೆ ಜಾರಿದ ಮಗುವನ್ನು ಗಬಕ್ಕನೆ ಹಿಡಿದುಕೊಳ್ಳುವಳು. ಅದೇ ಮಗು ರಸ್ತೆಗಿಳಿದ ಮೇಲೆ ಎಡವಿದರೆ ಅದರ ಅಮ್ಮನ ಮುಖ ನೋಡುವಳು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಮಗುವಿನ ಕೆನ್ನೆಯನ್ನೂ ಹಿಂಡಿದವಳಲ್ಲ. ಹುಟ್ಟುಹಬ್ಬದ ಚಾಕೊಲೇಟ್ ಚಾಚಿದರೆ ಹಲ್ಲುನೋವು ಎನ್ನುವಳು. ಹಲ್ಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು.

ಆಕೆಗೆ ಹೆಮ್ಮೆಯ ವಿಷಯ ಒಂದೇ, ತನ್ನ ಎಣಿಕೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬೇರೊಂದು ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗುವೊಂದು ಮಧ್ಯಾಹ್ನದವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಗುವಿಗೆ ಏನೂ ಆಗಲಿಲ್ಲ, ಆ ಬಸ್ಸಿನ ಆಯಾಳ ಕೆಲಸ ಹೋಯಿತು. ಅಂದಿನಿಂದ ಈಕೆ ಕಣ್ಣಿನಲ್ಲಿ ಎಣಿಸುವುದನ್ನು ಬಿಟ್ಟು ಕೈಯಲ್ಲಿ ಎಣಿಸತೊಡಗಿದಳು. ಬೆಳಿಗ್ಗೆ ಮಗು ಮೆಟ್ಟಿಲು ಹತ್ತಿದೊಡನೆ ಅದರ ತಲೆಯ ಮೇಲೆ ಅಂಗೈ ಇಟ್ಟು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವಳು. ಏಳು ಸ್ಟಾಪು, ಇಪ್ಪತ್ತೆರಡು ಮಕ್ಕಳು. ಶಾಲೆಯ ಗೇಟಿನಲ್ಲಿ ಇಳಿಯುವಾಗ ಮತ್ತೆ ಅದೇ ಅಂಗೈ, ಅದೇ ಎಣಿಕೆ. ಹತ್ತಿದವರೂ ಇಳಿದವರೂ ಸರಿಹೋದರೆ ಟ್ರಿಪ್ ಪುಸ್ತಕದಲ್ಲಿ ಬರೆದು ಸಹಿ ಹಾಕುವಳು. ಸಂಜೆ ಈ ಕೆಲಸವಿರಲಿಲ್ಲ. ಟೀಚರುಗಳೇ ಪಟ್ಟಿ ಹಿಡಿದು ಹೆಸರು ಕರೆದು ಮಕ್ಕಳನ್ನು ಹತ್ತಿಸುತ್ತಿದ್ದರು.

ಕುಂಬಳಕಾಯಿ ಲೋಡು ಮಾಡಿದ ಹಾಗೆ ಮಾಡ್ತೀಯಲ್ಲಕ್ಕ ಎಂದು ಡ್ರೈವರ್ ನಗುತ್ತಿದ್ದ. ಕುಂಬಳಕಾಯಾದರೆ ಕೂಗುವುದಿಲ್ಲ, ಕಚ್ಚುವುದಿಲ್ಲ ಎಂಬುದು ಆಕೆಯ ಉತ್ತರ.

ಕಚ್ಚುವ ಮಾತು ಸುಮ್ಮನೆ ಬಂದದ್ದಲ್ಲ. ಆಯಾ ಕೆಲಸದ ಹತ್ತೊಂಬತ್ತನೆಯ ವರ್ಷ ನಾಲ್ಕನೆಯ ಸ್ಟಾಪಿನಿಂದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತತೊಡಗಿದ್ದಳು. ಸಣ್ಣ ಮುಖ, ಬಿಗಿಯಾದ ಎರಡು ಜಡೆ, ಬೆನ್ನಿಗಿಂತ ದೊಡ್ಡ ಬ್ಯಾಗು. ಕೆಲವು ದಿನ ಆ ಮಗು ಬಸ್ಸಿನಲ್ಲಿದೆಯೋ ಇಲ್ಲವೋ ಎಂಬಷ್ಟು ಸಾಧು. ಇನ್ನು ಕೆಲವು ದಿನ ತಲೆಯ ಮೇಲೆ ಕೈ ಬಿದ್ದು ಎಣಿಕೆ ಮುಗಿದೊಡನೆ ಮುಖ ಕೆಂಪಾಗುತ್ತಿತ್ತು. ಸೀಟಿಗೆ ಹೋಗಿ ಬೆಲ್ಟು ಹಾಕಿಕೊಂಡು ಅರ್ಧ ನಿಮಿಷವಾಗಿರದು, ಬೆಲ್ಟು ಕಿತ್ತು ಬಾಗಿಲಿಗೆ ಓಡಿ ಎರಡೂ ಕೈಯಿಂದ ಬಡಿಯುವಳು. ಹಿಡಿದವರಿಗೆ ಒದೆ. ಕೂಗು ಎಷ್ಟು ಜೋರೆಂದರೆ ಮುಂದಿನ ವಾಹನದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದೂ ಉಂಟು. ಡ್ರೈವರ್ ಅವಳಿಗೆ ಸೈರನ್ ಎಂದು ಹೆಸರಿಟ್ಟ. ಬಸ್ಸನ್ನು ರಸ್ತೆಯ ಬದಿಗೆ ಹಾಕಿ ಅವಳನ್ನು ಮತ್ತೆ ಕೂರಿಸುವಷ್ಟರಲ್ಲಿ ಏಳೆಂಟು ನಿಮಿಷ ಕಳೆದುಹೋಗುತ್ತಿತ್ತು.

ಎಲ್ಲರೂ ತಮಗೆ ತೋಚಿದ ಮದ್ದು ಮಾಡಿದರು. ಡ್ರೈವರ್ ಪೆಪ್ಪರ್‌ಮಿಂಟು ಕೊಟ್ಟ, ತಿಂದು ಕೂಗಿದಳು. ಬಸ್ಸುಗಳ ಮೇಲ್ವಿಚಾರಕ ಒಂದು ಚಾರ್ಟು ಮಾಡಿಸಿ, ಕೂಗದ ದಿನಕ್ಕೊಂದು ನಕ್ಷತ್ರ ಅಂಟಿಸಲು ಹೇಳಿದ. ಐದು ನಕ್ಷತ್ರವಾದ ಮರುದಿನವೇ ಅವಳು ಚಾರ್ಟನ್ನು ಹರಿದಳು. ಆಯಾ ಅವಳನ್ನು ಮುಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಆಗಲೇ ಕಚ್ಚಿಸಿಕೊಂಡದ್ದು. ಮೊಣಕೈ ಕೆಳಗೆ ಹಲ್ಲಿನ ಸಾಲು ಮೂಡಿತು, ಇಂಜೆಕ್ಷನ್ ತೆಗೆದುಕೊಳ್ಳಬೇಕಾಯಿತು.

ಶಾಲೆಯ ನಿಯಮದಲ್ಲಿ ಮೂರು ನೋಟೀಸು. ತಡ ಮಾಡಿಸಿದ್ದಕ್ಕೆ ಒಂದು ಆಗಿತ್ತು, ಕಚ್ಚಿದ್ದಕ್ಕೆ ಎರಡನೆಯದು ಹೋಯಿತು. ಮೂರನೆಯದು ಬಂದರೆ ಮಗುವಿಗೆ ಬಸ್ಸಿಲ್ಲ. ಅವಳ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯವಳು. ಲಾಂಡ್ರಿ ಊರಿನ ಆ ಕೊನೆ, ಶಾಲೆ ಈ ಕೊನೆ; ಏಳೂವರೆಗೆ ಅಲ್ಲಿ ಗೇಟು ಹಾಕುತ್ತಾರೆ. ಅಪ್ಪ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸದಲ್ಲಿ, ತಿಂಗಳಿಗೊಮ್ಮೆ ಬರುವವನು. ಬಸ್ಸು ತಪ್ಪಿದರೆ ಒಂದೋ ಮಗುವಿನ ಶಾಲೆ ಹೋಗಬೇಕು, ಇಲ್ಲ ಅಮ್ಮನ ಕೆಲಸ ಹೋಗಬೇಕು. ಎರಡನೆಯ ನೋಟೀಸನ್ನು ಕೈಯಲ್ಲಿ ಮಡಚಿ ಹಿಡಿದುಕೊಂಡು ಆ ಅಮ್ಮ ಒಂದು ಬೆಳಿಗ್ಗೆ ಬಸ್ಸಿನ ಮೆಟ್ಟಿಲ ಬಳಿ ನಿಂತಳು.

"ಹೊಡೆದೂ ನೋಡಿದೆ ಅಕ್ಕ, ಬೇಡಿಕೊಂಡೂ ನೋಡಿದೆ. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾಳೆ. ನೀವು ಸ್ವಲ್ಪ ನೋಡಿಕೊಂಡು ಬರೀರಿ."

ಆದದ್ದನ್ನು ಬರೆಯುತ್ತೇನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಆಯಾ ಬಾಗಿಲು ಎಳೆದುಕೊಂಡಳು.

ಮಗುವಿನ ಕ್ಲಾಸ್ ಟೀಚರ್ ಬಸ್ಸಿನ ಬಳಿ ಬಂದದ್ದು ಅದೇ ವಾರ. ಕನ್ನಡಕದ ಮೇಲೂ ಸೀಮೆಸುಣ್ಣದ ಪುಡಿ ಇರುವಂಥ ಹೆಂಗಸು. ಹುಡುಗಿ ಕ್ಲಾಸಿನಲ್ಲಿ ಗಲಾಟೆ ಮಾಡುವವಳಲ್ಲ, ಲೆಕ್ಕದಲ್ಲಿ ಚುರುಕು ಎಂದಳು. ಬಸ್ಸಿನಲ್ಲಿ ಮಾತ್ರ ಹೀಗೆ, ಅದೂ ಬೆಳಿಗ್ಗೆ ಮಾತ್ರ. ಶಾಲೆಗೆ ಬರಲು ಇಷ್ಟವಿಲ್ಲದೆ ಹಟ ಮಾಡ್ತಾಳೆ ಎಂದ ಡ್ರೈವರ್. ಹಾಗಿದ್ದರೆ ದಿನಾ ಮಾಡಬೇಕಿತ್ತಲ್ಲ ಎಂದಳು ಟೀಚರ್. ಆಮೇಲೆ ಆಯಾಳ ಕಡೆ ತಿರುಗಿದಳು.

"ಯಾವತ್ತು ಕೂಗ್ತಾಳೆ ಅಂತ ಎಲ್ಲರೂ ಹೇಳ್ತಾರೆ ಆಯಮ್ಮ. ಯಾವತ್ತು ಕೂಗಲ್ಲ?"

ಈ ಪ್ರಶ್ನೆ ಆಯಾಗೆ ಹಿಡಿಸಿತು. ಇದರಲ್ಲಿ ಅಯ್ಯೋ ಪಾಪ ಇರಲಿಲ್ಲ, ಬುದ್ಧಿವಾದವಿರಲಿಲ್ಲ, ಲೆಕ್ಕವಿತ್ತು. ಮನೆಯಲ್ಲಿ ಆಕೆಯ ಗಂಡ, ಬಟ್ಟೆ ಹೊಲಿಯುವವನು, ಯಂತ್ರದ ಮುಂದೆ ಕೂತು ಗುಂಡಿ ಹಾಕುತ್ತಿರುವಾಗ ಈಕೆ ಟ್ರಿಪ್ ಪುಸ್ತಕವನ್ನು ಕತ್ತರಿ ಮೇಜಿನ ಮೇಲೆ ಹರವಿಕೊಂಡು, ಕೂಗಿದ ದಿನಕ್ಕೆಲ್ಲ ಕೆಂಪು ಸೀಮೆಸುಣ್ಣದ ಗೆರೆ ಎಳೆದಳು. ತನ್ನ ಸೀಮೆಸುಣ್ಣ ಮುಟ್ಟಬೇಡ ಎಂದ ಗಂಡ. ಕೆಂಪು ಗೆರೆ ಬಿದ್ದ ದಿನಗಳಲ್ಲಿ ಒಂದರಲ್ಲೂ ಇಪ್ಪತ್ತೆರಡು ಇರಲಿಲ್ಲ. ಇಪ್ಪತ್ತೊಂದು, ಇಪ್ಪತ್ತು, ಒಮ್ಮೆ ಹದಿನೆಂಟು.

"ಯಾರೋ ಬರದ ದಿನ ಕೂಗ್ತಾಳೆ," ಎಂದಳು.

"ಸ್ನೇಹಿತರು ಇರಬೇಕು ಬಿಡು. ನೀನು ಇಲ್ಲದ ದಿನ ನಾನು ಕೂಗಲ್ವಾ?"

"ನೀವು ಚಹಾ ಇಲ್ಲದ್ದಕ್ಕೆ ಕೂಗ್ತೀರಿ."

ಟೀಚರಿಗೂ ಸ್ನೇಹಿತರೇ ಕಾರಣವೆನಿಸಿತು. ಆದರೆ ಆಯಾ ಇನ್ನೂ ಎರಡು ವಾರ ಯಾರು ಬರಲಿಲ್ಲ ಎಂಬುದನ್ನು ಪಕ್ಕದಲ್ಲಿ ಬರೆಯುತ್ತ ಹೋದಾಗ ಆ ಊಹೆ ನಿಲ್ಲಲಿಲ್ಲ. ಮೊದಲನೆಯ ಸ್ಟಾಪಿನ ಅವಳಿ ಹುಡುಗರು ಬರದ ದಿನ ಕೂಗಿದಳು. ಆ ಇಬ್ಬರೂ ಅವಳ ಜಡೆ ಎಳೆಯುವವರು, ಸ್ನೇಹಿತರೆನ್ನುವ ಹಾಗಿಲ್ಲ. ಅವಳ ಪಕ್ಕದಲ್ಲಿ ಕೂತು ತಿಂಡಿ ಹಂಚಿಕೊಳ್ಳುವ ಹುಡುಗಿ ಕೊನೆಯ ಸ್ಟಾಪಿನವಳು. ಅವಳು ಜ್ವರವೆಂದು ಮೂರು ದಿನ ಬರಲಿಲ್ಲ, ಇವಳು ತುಟಿಪಿಟಕ್ಕೆನ್ನದೆ ಕೂತಿದ್ದಳು. ಇನ್ನೊಂದು ವಿಚಿತ್ರ. ಇವಳ ಸ್ಟಾಪಿನಲ್ಲೇ ಇನ್ನೊಬ್ಬ ಹುಡುಗ ಹತ್ತುತ್ತಿದ್ದ. ಅವನನ್ನು ತಳ್ಳಿಯಾದರೂ ಸರಿ, ಇವಳೇ ಮೊದಲು ಹತ್ತಬೇಕಿತ್ತು.

ಗೊತ್ತಿರುವವಳು ಅವಳೊಬ್ಬಳೇ, ಅವಳನ್ನೇ ಕೇಳೋಣ ಎಂದಳು ಟೀಚರ್. ಎದುರಿಗೆ ನಿಲ್ಲಿಸಿಕೊಂಡು ಕೇಳಿದರೆ ಅವಳು ಗೊತ್ತಿಲ್ಲ ಎನ್ನುವುದು ಖಂಡಿತ. ಆದ್ದರಿಂದ ಮಧ್ಯಾಹ್ನ ಊಟದ ನಂತರ ಬಸ್ಸು ಶಾಲೆಯ ಹಿಂದೆ ಖಾಲಿ ನಿಂತಿರುವಾಗ ಟೀಚರ್ ಅವಳನ್ನು ಕರೆತಂದು, ಆಯಮ್ಮನಿಗೆ ಕಿಟಕಿ ಒರೆಸಲು ಸಹಾಯ ಮಾಡು ಎಂದು ಬಟ್ಟೆಯ ತುಂಡು ಕೊಟ್ಟಳು. ತಾನು ಹಿಂದಿನ ಸೀಟಿನಲ್ಲಿ ಕೂತು ಪುಸ್ತಕ ತಿದ್ದತೊಡಗಿದಳು. ಆಯಾ ಮೇಲಿನ ಅರ್ಧ ಒರೆಸಿದಳು, ಹುಡುಗಿ ಕೆಳಗಿನ ಅರ್ಧ. ಮೂರು ಕಿಟಕಿ ಮಾತಿಲ್ಲದೆ ಮುಗಿದವು. ನಾಲ್ಕನೆಯದಕ್ಕೆ ಆಯಾ ಕಿಟಕಿಯನ್ನೇ ನೋಡುತ್ತ ಹೇಳಿದಳು.

"ಎಲ್ಲರೂ ಬಂದ ದಿನ ನೀನು ಕೂಗಲ್ಲ. ನಿನಗಿಂತ ಮೊದಲು ಹತ್ತೋರಲ್ಲಿ ಯಾರಾದ್ರೂ ಬರದ ದಿನ ಕೂಗ್ತೀಯ. ನಿನ್ನ ಆಮೇಲೆ ಹತ್ತೋರು ಬರದಿದ್ರೆ ಕೂಗಲ್ಲ. ನಾನು ಬರೆದಿಟ್ಟುಕೊಂಡಿದ್ದೀನಿ. ಬೈಯೋಕೆ ಹೇಳ್ತಿಲ್ಲ. ನಂಗೆ ಅರ್ಥ ಆಗ್ತಿಲ್ಲ, ಅದಕ್ಕೆ ಕೇಳ್ತಿದ್ದೀನಿ."

ಹುಡುಗಿ ಗಾಜಿನ ಮೂಲೆಯನ್ನು ಬಹಳ ಹೊತ್ತು ಉಜ್ಜಿದಳು.

"ಅವರು ಬರದಿದ್ರೆ ನಾನು ಎಂಟಾಗ್ತೀನಿ," ಎಂದಳು.

"ಆದ್ರೆ?"

"ನಾನು ಒಂಬತ್ತು."

ಎಂಟಾದರೇನು, ಒಂಬತ್ತಾದರೇನು ಎಂಬ ಮಾತು ಆಯಾಳ ನಾಲಿಗೆಯ ತುದಿಗೆ ಬಂತು. ಹಿಂದಿನ ಸೀಟಿನಿಂದ ಟೀಚರ್ ತಲೆಯೆತ್ತಿ ಬೇಡವೆಂಬಂತೆ ನೋಡಿದಳು. ಆಯಾ ಬಟ್ಟೆ ಹಿಂಡಿ ಮತ್ತೆ ಗಾಜು ಒರೆಸತೊಡಗಿದಳು. ಒರೆಸುತ್ತಿದ್ದ ಹಾಗೆ ಉಳಿದದ್ದು ತುಂಡು ತುಂಡಾಗಿ ಹೊರಬಂತು. ಶಾಲೆ ಶುರುವಾದ ಮೊದಲ ವಾರ ಒಂದು ದಿನ ಶೂ ಸಿಗದೆ ತಡವಾಗಿತ್ತಂತೆ. ಅಮ್ಮ ಅಡ್ಡರಸ್ತೆಯ ತುದಿಯವರೆಗೆ ತಂದು ಬಿಟ್ಟು, ಬಸ್ಸು ಅಲ್ಲೇ ನಿಂತಿದೆ ಓಡು ಎಂದು ಲಾಂಡ್ರಿಗೆ ಹೊರಟಳಂತೆ. ಇವಳು ಓಡಿ ಬಂದಾಗ ಬಸ್ಸಿನ ಬಾಗಿಲು ಮುಚ್ಚುತ್ತಿತ್ತು.

"ನೀವು ನಮ್ಮ ಸ್ಟಾಪಿನ ಹುಡುಗನ ತಲೆ ಮೇಲೆ ಕೈ ಇಟ್ಟು 'ಒಂಬತ್ತು' ಅಂದ್ರಿ. ನಂಗೆ ಕೇಳಿಸ್ತು. ಒಂಬತ್ತು ನಾನು. ಬಸ್ ಹೋಯ್ತು."

ಆಮೇಲೆ ಲೆಕ್ಕದ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ಬರದೆ ಇದ್ದೋರ ನಂಬರನ್ನ ಇನ್ನೊಬ್ಬರಿಗೆ ಕೊಟ್ಬಿಟ್ರೆ, ಅವರು ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಅವರು ಓಡಿ ಬರ್ತಾ ಇದ್ರೆ?"

ಬಾಗಿಲು ಬಡಿಯುತ್ತಿದ್ದದ್ದು ಹೊರಗೆ ಹೋಗಲಿಕ್ಕಲ್ಲ. ಬರುವವರಿಗಾಗಿ ತೆರೆದಿಡಲಿಕ್ಕೆ.

ಆಯಾ ಆ ದಿನದ ಪುಟವನ್ನು ಹುಡುಕಿದಳು. ಇಪ್ಪತ್ತೊಂದು ಹತ್ತಿದರು, ಇಪ್ಪತ್ತೊಂದು ಇಳಿದರು, ಸಹಿ. ಲೆಕ್ಕ ಸರಿಯಾಗಿಯೇ ಇತ್ತು. ಅಮ್ಮ ಲಾಂಡ್ರಿಯಲ್ಲಿ, ಶಾಲೆಯಲ್ಲಿ ಹಾಜರಿಯಿಲ್ಲ, ಮಗು ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಮೂರೂವರೆಯ ತನಕ ಕೂತಿತ್ತು. ಪುಸ್ತಕದಲ್ಲಿ ಮಾತ್ರ ಎಲ್ಲ ಸರಿ. ಬಸ್ಸಿನಲ್ಲಿ ಎಷ್ಟು ತಲೆಯಿವೆ ಎಂದು ಹೇಳುವ ಎಣಿಕೆಯನ್ನು ಆಕೆ ಇಷ್ಟು ವರ್ಷ ಉಜ್ಜಿ ಉಜ್ಜಿ ಹೊಳೆಯಿಸಿದ್ದಳು. ಯಾವ ತಲೆ ಇಲ್ಲವೆಂದು ಅದು ಹೇಳುತ್ತಿರಲಿಲ್ಲ. ಏಳು ವರ್ಷದ ಮಗುವಿನ ಕೈಯಲ್ಲಿ ತನ್ನ ಕಸುಬಿನ ತಪ್ಪು ಸಿಕ್ಕಿಬಿದ್ದದ್ದು ಆಕೆಗೆ ಹಲ್ಲಿನ ಗಾಯಕ್ಕಿಂತ ಹೆಚ್ಚು ಚುರುಗುಟ್ಟಿತು.

ಆದರೆ ಆಕೆಗೂ ತನ್ನ ತೊಂದರೆಗಳಿದ್ದವು, ಅವನ್ನು ಮುಚ್ಚಿಡಲಿಲ್ಲ. ಬಸ್ಸು ಓಡುವಾಗ ಯಾರೂ ಎದ್ದು ನಿಲ್ಲಬಾರದು. ಬ್ರೇಕು ಹಾಕಿದರೆ ಮುಂದಿನ ಗಾಜಿಗೆ ಹೋಗಿ ಬೀಳುತ್ತಾರೆ. ಗೇಟಿನಲ್ಲಿ ಕೊನೆಗೆ ಎಷ್ಟು ಜನ ಎಂಬುದು ಸಿಗಲೇಬೇಕು. ಇವೆರಡೂ ಆಗಬೇಕು, ನಿನ್ನದೂ ಆಗಬೇಕು, ಹೇಗೆ ಮಾಡೋಣ ಹೇಳು ಎಂದು ಕೇಳಿದಳು. ಕೇಳಿದ ಮೇಲೆ ಮೊದಲ ಉಪಾಯವನ್ನು ತಾನೇ ಹೇಳಿದಳು: ಇನ್ನು ಮೇಲೆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದಿಲ್ಲ.

ಹುಡುಗಿ ಒಪ್ಪಲಿಲ್ಲ. "ಮನಸ್ಸಲ್ಲಿ ಎಣಿಸ್ತೀರಲ್ಲ."

ಹಿಂದಿನ ಸೀಟಿನಲ್ಲಿ ಟೀಚರ್ ಕೆಮ್ಮಿದಳು. ನಗು ತಡೆದುಕೊಳ್ಳುವ ಕೆಮ್ಮು ಅದು. ಚರ್ಚೆ ಗಂಟೆ ಹೊಡೆಯುವವರೆಗೆ ನಡೆಯಿತು. ಕೊನೆಗೆ ಒಪ್ಪಂದವಾಯಿತು. ಪ್ರತಿ ಮಗುವಿಗೂ ಒಂದು ಸಂಖ್ಯೆ, ವರ್ಷವಿಡೀ ಅದೇ. ಬರದವರ ಸಂಖ್ಯೆಯನ್ನೂ ಆಯಾ ಕೂಗಬೇಕು, ಒಂದು ನಿಮಿಷ ಬಾಗಿಲು ತೆರೆದಿಡಬೇಕು. ಆಮೇಲೆ ಹುಡುಗಿ ತನ್ನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡೇ "ಬಂದಿಲ್ಲ" ಎನ್ನಬೇಕು, ಆಯಾ ಬರೆದುಕೊಳ್ಳಬೇಕು. ತನಗಿಂತ ಮೊದಲಿನ ಸ್ಟಾಪುಗಳಲ್ಲಿ ಬರದವರನ್ನು ಅವಳು ಹತ್ತಿದ ಮೇಲೆ ಮತ್ತೊಮ್ಮೆ ಕರೆಯಬೇಕು. ಹಾಗಾದರೆ ಕೊನೆಯ ಸಂಖ್ಯೆ ಒಟ್ಟು ಮೊತ್ತವಾಗುವುದಿಲ್ಲವಲ್ಲ ಎಂದು ಆಯಾ ತಕರಾರು ತೆಗೆದಳು.

"ಬರದೋರನ್ನ ಕಳೀರಿ. ನಿಮಗೆ ಕಳೆಯೋ ಲೆಕ್ಕ ಬರಲ್ವಾ?"

ಬರುತ್ತದೆ ಎಂದಳು ಆಯಾ, ಮುಖ ಬಿಗಿದುಕೊಂಡು.

ಎಂಟು ದಿನ ಬಸ್ಸು ಹೊತ್ತಿಗೆ ಸರಿಯಾಗಿ ಗೇಟು ಸೇರಿತು. ನನ್ನ ಸೈರನ್ ಕೆಟ್ಟುಹೋಯಿತೇ ಎಂದು ಡ್ರೈವರ್ ಕೇಳಿದ. ಒಂಬತ್ತನೆಯ ದಿನ ಎರಡನೆಯ ಸ್ಟಾಪಿನಲ್ಲಿ ಹೊಸ ಮಗುವೊಂದು ಸೇರಿತು. ಆಯಾಳ ಕೈ ಹಳೆಯ ಅಭ್ಯಾಸದ ಕೈ. ಸ್ಟಾಪಿನ ಸಾಲಿಗೆ ತಕ್ಕಂತೆ ಆ ಮಗುವಿಗೆ ಆರು ಎಂದಳು, ಮುಂದಿನವರನ್ನೆಲ್ಲ ಒಂದೊಂದು ಮುಂದಕ್ಕೆ ತಳ್ಳಿದಳು. ನಾಲ್ಕನೆಯ ಸ್ಟಾಪಿನಲ್ಲಿ ಎರಡು ಜಡೆಯ ತಲೆಯ ಮೇಲೆ ಅಂಗೈ ಇಟ್ಟು "ಹತ್ತು" ಎಂದಾಗಲೇ ತಾನು ಮಾಡಿದ್ದೇನೆಂದು ಹೊಳೆದದ್ದು. ಆಗ ತಡವಾಗಿತ್ತು. ಸೈರನ್ ಕೆಟ್ಟಿರಲಿಲ್ಲ. ಬಸ್ಸು ಹನ್ನೆರಡು ನಿಮಿಷ ತಡವಾಯಿತು, ಬಾಗಿಲಿನ ರಬ್ಬರ್ ಪಟ್ಟಿ ಕಿತ್ತುಬಂತು.

ಮೇಲ್ವಿಚಾರಕ ಮೂರನೆಯ ನೋಟೀಸಿನ ಹಾಳೆ ತೆಗೆದಿಟ್ಟುಕೊಂಡು ಟ್ರಿಪ್ ಪುಸ್ತಕ ಕೇಳಿದ. ಅದರಲ್ಲಿ ಕಾರಣದ ಕಾಲಮ್ಮಿನಲ್ಲಿ ಹೀಗೆ ಬರೆದಿತ್ತು: ಆಯಾ ತಪ್ಪು ಸಂಖ್ಯೆ ಕೊಟ್ಟದ್ದರಿಂದ ತಡ. ಇದೇನಮ್ಮ, ಕೂಗಿದ್ದು ಅವಳು, ಬಾಗಿಲು ಕಿತ್ತದ್ದು ಅವಳು ಎಂದ. ಕಿತ್ತದ್ದನ್ನೂ ಕೆಳಗೆ ಬರೆದಿದ್ದೇನೆ, ಓದಿ ಎಂದಳು. ಯಾವ ಕಾಲಮ್ಮಿಗೆ ಯಾವುದು ಸೇರುತ್ತದೋ ಅದನ್ನೇ ಬರೆಯುವುದು ಎಂದಳು. ಆಯಾಳ ತಪ್ಪಿಗೆ ಮಗುವಿಗೆ ನೋಟೀಸು ಕೊಡುವ ನಿಯಮ ಮೇಲ್ವಿಚಾರಕನ ಬಳಿ ಇರಲಿಲ್ಲ. ಹಾಳೆ ಮೇಜಿನ ಖಾನೆಗೆ ವಾಪಸ್ಸು ಹೋಯಿತು. ಇದನ್ನು ದಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಪುಸ್ತಕದಲ್ಲಿ ಸುಳ್ಳು ಬರೆದರೆ ಆಕೆಗೆ ಅಂದು ಊಟ ಸೇರುತ್ತಿರಲಿಲ್ಲ, ಅಷ್ಟೆ.

ಮತ್ತೆ ಕಿಟಕಿ ಒರೆಸುವ ಕಾರ್ಯಕ್ರಮವಾಯಿತು. ಈ ಸಲ ಟೀಚರ್ ಬರಲಿಲ್ಲ, ಬೇಕಾಗಿರಲಿಲ್ಲ. ಒಪ್ಪಂದ ಮುರಿದವಳು ತಾನು ಎಂದು ಆಯಾ ಹೇಳಿದಳು. ಬಾಗಿಲಿನ ಪಟ್ಟಿ ಕಿತ್ತವಳು ತಾನು ಎಂದು ಹುಡುಗಿ ಹೇಳಿದಳು. ಇಬ್ಬರೂ ಸೇರಿ ಅದನ್ನು ಅಂಟಿಸಿದರು. ಹೊಸಬರು ಯಾವ ಸ್ಟಾಪಿನಲ್ಲೇ ಹತ್ತಲಿ, ಸಂಖ್ಯೆ ಮಾತ್ರ ಕೊನೆಯದು ಎಂದು ತೀರ್ಮಾನವಾಯಿತು. ತಪ್ಪಾದರೆ ಓಡುವ ಬದಲು ಹುಡುಗಿ ಕೈಯೆತ್ತಬೇಕು, ಆಯಾ ಆ ಕ್ಷಣವೇ ಎಣಿಕೆ ನಿಲ್ಲಿಸಿ ಅವಳ ಮಾತು ಕೇಳಬೇಕು. ಐದನೆಯ ಮಗುವಿನ ಹಿಂದೆಯೇ ಇಪ್ಪತ್ತಮೂರನೆಯದು ಹತ್ತುವುದು ಆಯಾಳ ಕಣ್ಣಿಗೆ ಉಲ್ಟಾ ಹೊಲಿದ ಗುಂಡಿಯ ಹಾಗೆ ಚುಚ್ಚುತ್ತಿತ್ತು. ಆದರೂ ಒಪ್ಪಿದಳು. ಉಲ್ಟಾ ಗುಂಡಿಯೂ ಅಂಗಿಯನ್ನು ಹಿಡಿದಿಡುತ್ತದಲ್ಲ ಎಂದ ಗಂಡ. ಈ ವಿಷಯದಲ್ಲಿ ನೀವು ಮೂಗು ತೂರಿಸಬೇಡಿ ಎಂದಳು.

ಆಮೇಲಿನ ತಿಂಗಳುಗಳಲ್ಲಿ ಕೈ ಮೂರು ಸಲ ಮೇಲೆದ್ದಿತು. ಮೂರು ಸಲವೂ ಆಯಾಳದೇ ತಪ್ಪು. ಕೂಗು ಒಂದೇ ಸಲ, ಅದೂ ಬದಲಿ ಆಯಾ ಬಂದಿದ್ದ ದಿನ. ಅಮ್ಮ ಲಾಂಡ್ರಿಯಲ್ಲೇ ಉಳಿದಳು, ಇಸ್ತ್ರಿಯಿಂದ ಹೊಲಿಗೆ ರಿಪೇರಿಯ ಮೇಜಿಗೆ ಬಡ್ತಿಯೂ ಆಯಿತು. ಬೇರೆ ಬಸ್ಸಿನ ಇಬ್ಬರು ಆಯಾಗಳು ಸ್ಥಿರ ಸಂಖ್ಯೆಯ ಪದ್ಧತಿಯನ್ನು ತಮ್ಮ ಬಸ್ಸಿಗೂ ತೆಗೆದುಕೊಂಡರು. ಯಾರು ಹೇಳಿಕೊಟ್ಟದ್ದು ಎಂದು ಕೇಳಿದರೆ ಈಕೆ, ನಮ್ಮ ಬಸ್ಸಿನ ಒಂಬತ್ತು ಎನ್ನುತ್ತಿದ್ದಳು.

ವರ್ಷದ ಕೊನೆಯಲ್ಲಿ ಒಂಬತ್ತಕ್ಕೇ ಚಿಕನ್‌ಪಾಕ್ಸ್ ಬಂತು. ಹತ್ತು ದಿನ ಬರುವಂತಿಲ್ಲವೆಂದು ಅಮ್ಮ ಫೋನು ಮಾಡಿ ತಿಳಿಸಿದ್ದಳು. ಮೊದಲ ದಿನ ನಾಲ್ಕನೆಯ ಸ್ಟಾಪಿನಲ್ಲಿ ಆಯಾ ಬಾಗಿಲಲ್ಲಿ ನಿಂತು "ಒಂಬತ್ತು" ಎಂದಳು. ಉತ್ತರ ಹೇಳುವವಳೇ ಇರಲಿಲ್ಲ. ಕೊನೆಗೆ ಜಡೆ ಎಳೆಯುವ ಅವಳಿಗಳಲ್ಲೊಬ್ಬ "ಬಂದಿಲ್ಲ" ಎಂದ. ಬರುವುದಿಲ್ಲವೆಂದು ಗೊತ್ತಿದ್ದೂ ಬಾಗಿಲನ್ನು ಒಂದು ನಿಮಿಷ ತೆರೆದಿಟ್ಟುಕೊಂಡು ನಿಂತ ಆಯಾಳನ್ನು ಡ್ರೈವರ್ ಕನ್ನಡಿಯಲ್ಲಿ ನೋಡಿದ.

ಸಂಜೆ ಟ್ರಿಪ್ ಮುಗಿದು ಬಸ್ಸು ನಿಲ್ಲಿಸಿ ಸಹಿ ಹಾಕಿಯಾದ ಮೇಲೆ ಆಕೆ ಮನೆಯ ದಾರಿ ಹಿಡಿಯಲಿಲ್ಲ. ನಾಲ್ಕನೆಯ ಸ್ಟಾಪಿಗೆ ನಡೆದರೆ ಇಪ್ಪತ್ತೈದು ನಿಮಿಷ, ಅಲ್ಲಿಂದ ಅಡ್ಡರಸ್ತೆ. ಬಾಗಿಲು ತೆಗೆದ ಅಮ್ಮ ಗಾಬರಿಯಿಂದ ಏನಾಯಿತು ಅಕ್ಕ ಎಂದಳು. ಏನೂ ಆಗಿಲ್ಲ, ಅವಳ ಹತ್ತಿರ ಒಂದು ಮಾತಿದೆ ಎಂದಳು ಆಯಾ. ಕುರ್ಚಿ ಬೇಡವೆಂದಳು, ಚಹಾ ಬೇಡವೆಂದಳು. ಮೈಯೆಲ್ಲ ಗುಳ್ಳೆಯೆದ್ದ ಹುಡುಗಿ ಒಳಕೋಣೆಯ ಪರದೆಯ ಅಂಚಿನಿಂದ ಮುಖ ಹೊರಹಾಕಿದಳು.

"ಒಂಬತ್ತು ಅಂತ ಕರೆದೆ," ಎಂದಳು ಆಯಾ. "ಒಂದು ನಿಮಿಷ ಬಾಗಿಲು ತೆಗೆದಿಟ್ಟಿದ್ದೆ. ಬಂದಿಲ್ಲ ಅಂತ ಬರ್ಕೊಂಡೆ."

"ನಮ್ಮ ಸ್ಟಾಪಿನವನು?"

"ಅವನು ಹತ್ತು. ಹತ್ತೇ."

ಹುಡುಗಿ ಬೆನ್ನು ತುರಿಸಿಕೊಳ್ಳುತ್ತ ಯೋಚಿಸಿದಳು. "ನಾಳೆ?"

"ನಾಳೇದು ನಾಳೆ ಬಂದು ಹೇಳ್ತೀನಿ," ಎಂದು ಆಯಾ ಚಪ್ಪಲಿ ಮೆಟ್ಟಿಕೊಂಡಳು.